ಸೂಜಿ ಗಿಡದ ಬುಡದ ಅಣಬೆ

ನಮ್ಮ ಮನೆಯವರು ಸಂಡೂರಿನ ಗಣಿಯೊಂದರಲ್ಲಿ ಗಿಡ ಬೆಳೆಸುವ ಕೆಲಸಕ್ಕಿದ್ದರು. ಅದಿರು ತೆಗೆದ ಮೇಲೆ ಉಳಿಯುವ ಮಣ್ಣನ್ನು ಲಾರಿಗಳು ಗುಡ್ಡದ ಮಗ್ಗುಲಿಗೆ ತಂದು ಸುರಿಯುತ್ತವೆ. ಸುರಿದೂ ಸುರಿದೂ ಅದೇ ಇನ್ನೊಂದು ಗುಡ್ಡವಾಗುತ್ತದೆ. ಅದಕ್ಕೆ ಡಂಪು ಅನ್ನುತ್ತಾರೆ. ಮಳೆ ಬಂದಾಗ ಆ ಮಣ್ಣು ಕೆಳಗಿನ ಹೊಲಗಳಿಗೆ ಇಳಿಯಬಾರದೆಂದು ಅದರ ಮೇಲೆ ಗಿಡ ಹಚ್ಚಬೇಕು. ಗುಂಡಿ ತೋಡಿಸುವುದು, ನೀರು ಬಿಡಿಸುವುದು, ಸತ್ತ ಗಿಡದ ಜಾಗಕ್ಕೆ ಬೇರೆಯದನ್ನು ಇಡಿಸುವುದು ಇವರ ಕೆಲಸ. ನಾನು ಸಂಡೂರಿನಲ್ಲೇ, ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಕುಪ್ಪಸ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತಿದ್ದೆ. ಈಗಲೂ ಅದನ್ನೇ ಮಾಡುತ್ತೇನೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ. ಮಕ್ಕಳಾಗಲಿಲ್ಲ. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಅತ್ತೆಯ ತವರು ದರೋಜಿಯ ಕಡೆ. ಮೊದಲ ಮಳೆ ಬಿದ್ದು ಗುಡುಗು ಆದ ಮೇಲೆ ಅಲ್ಲಿ ಹುತ್ತದ ಮಗ್ಗುಲಲ್ಲಿ ಬಿಳಿ ಅಣಬೆ ಏಳುತ್ತವೆ. ಅವನ್ನು ಕಿತ್ತು ತಂದು, ಒಣಕೊಬ್ಬರಿ ಮತ್ತು ಕೆಂಪು ಖಾರ ಅರೆದು ಹಾಕಿ ಸಾರು ಮಾಡಿದರೆ ಅವರಿಗೆ ಅಂದು ಹಬ್ಬ. ನಾನು ಕಂಪ್ಲಿಯವಳು. ನಮ್ಮಪ್ಪನದು ಅಕ್ಕಿ ಗಿರಣಿ. ನಮ್ಮ ತವರಿನಲ್ಲಿ ಅಣಬೆಯನ್ನು ಹೊಸ್ತಿಲ ಒಳಗೆ ತರುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅದನ್ನು ತಿಳಿದುಕೊಂಡರು. ಅಣಬೆ ಸಾರಿನ ದಿನ ಮೊದಲು ನನಗೆ ಬೇರೆ ಪಾತ್ರೆಯಲ್ಲಿ ಹೆಸರುಕಾಳಿನ ಪಲ್ಯ ಮಾಡಿಟ್ಟು, ಆಮೇಲೆ ತಮ್ಮ ಅಡುಗೆಗೆ ಕೈ ಹಾಕುತ್ತಿದ್ದರು. ಒಂದು ಸಲವೂ ತಿನ್ನು ಎಂದು ಒತ್ತಾಯ ಮಾಡಲಿಲ್ಲ.

ಡಂಪಿನ ಮೇಲೆ ಹಚ್ಚುತ್ತಿದ್ದದ್ದು ಸಾಮಾನ್ಯವಾಗಿ ಬೇವು, ಹೊಂಗೆ, ಅಕೇಶಿಯ. ಒಂದು ವರ್ಷ ಮೇಲಿನ ಅಧಿಕಾರಿಯೊಬ್ಬರು ಪ್ರಯೋಗಕ್ಕೆಂದು ಯಾವುದೋ ತಂಪು ಸೀಮೆಯ ನರ್ಸರಿಯಿಂದ ಪೈನ್ ಸಸಿಗಳನ್ನು ತರಿಸಿದರು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಆ ಊರಿನ ಮಣ್ಣಿನ ಸಮೇತ ಬಂದ ಸಸಿಗಳು. ಎಲೆ ಸೂಜಿಯ ಹಾಗಿದ್ದುದರಿಂದ ಕೂಲಿಯವರು ಅವಕ್ಕೆ ಸೂಜಿ ಗಿಡ ಎಂದು ಹೆಸರಿಟ್ಟರು. ಮೊದಲನೇ ಬೇಸಿಗೆಗೇ ಹೆಚ್ಚುಕಡಿಮೆ ಎಲ್ಲವೂ ಒಣಗಿದವು. ಡಂಪಿಗೆ ಕಡಿದ ಮೆಟ್ಟಿಲುಗಳಲ್ಲಿ ಮೇಲಿನದರಲ್ಲಿ, ನೀರಿನ ಟ್ಯಾಂಕು ತುಂಬಿ ಹರಿಯುವ ತಗ್ಗಿನಲ್ಲಿ ಮಾತ್ರ ಒಂದು ಸಾಲು ಉಳಿದುಕೊಂಡಿತು. ಅಧಿಕಾರಿ ಬೇರೆ ಊರಿಗೆ ವರ್ಗವಾಗಿ ಹೋದರು. ಆ ಸಾಲು ಇವರದಾಯಿತು. ಇವರ ಮಾತಿನಲ್ಲಿ ಅದು ಯಾವಾಗಲೂ "ನಮ್ಮ ಸಾಲು".

ಗಿಡ ಆಳೆತ್ತರವಾದ ಮೇಲೆ ಒಂದು ಮಳೆಗಾಲದಲ್ಲಿ ಇವರು ಟಿಫಿನ್ ಡಬ್ಬಿಯ ತುಂಬ ಕಂದು ಬಣ್ಣದ ಅಣಬೆ ತಂದರು. ಮುಖದ ತುಂಬ ನಗು.

"ಯವ್ವಾ, ಇಲ್ಲಿ ನೋಡು. ನಮ್ಮ ಸಾಲಿನ ಬುಡಕ್ಕ ಎದ್ದಾವ. ಆ ಮಣ್ಣಾಗ ಹುಲ್ಲೂ ಹುಟ್ಟತಿದ್ದಿಲ್ಲ. ಈಗ ಅಣಬಿ! ಮಣ್ಣಿಗೆ ಜೀವ ಬಂತು ಅಂತ ಅರ್ಥ."

ಅತ್ತೆ ಒಂದನ್ನು ಎತ್ತಿ ತಿರುಗಿಸಿ ನೋಡಿದರು. "ಇವು ಹುತ್ತದವು ಅಲ್ಲಪಾ. ನಾ ಇಂಥವು ಕಂಡಿಲ್ಲ."

"ನೀ ಕಂಡಿಲ್ಲ ಅಂದ್ರ ತಿನ್ನಬಾರದೇನು? ನೋಡು, ಪರೀಕ್ಷೆ ಮಾಡು."

ಪರೀಕ್ಷೆ ಅಂದರೆ ಬೆಳ್ಳಿ. ಇವರು ಕೂಸಿದ್ದಾಗ ಹಾಕಿದ್ದ ಬೆಳ್ಳಿ ಕಡಗವೊಂದು ಅತ್ತೆಯ ಟ್ರಂಕಿನಲ್ಲಿತ್ತು. ಅಣಬೆಯ ಜೊತೆ ಅದನ್ನು ಕುದಿಸಿದರು. ವಿಷವಿದ್ದರೆ ಬೆಳ್ಳಿ ಕಪ್ಪಾಗಬೇಕು ಎಂಬುದು ಅವರ ತವರಿನ ಮಾತು. ಕಡಗ ಬೆಳ್ಳಗೇ ಇತ್ತು. ತಾಯಿ ಮಗ ಇಬ್ಬರೂ ಉಂಡರು. ಏನೂ ಆಗಲಿಲ್ಲ. ಮರುವರ್ಷವೂ ಉಂಡರು, ಅದರ ಮರುವರ್ಷವೂ. ಹುತ್ತದ ಅಣಬೆಯಷ್ಟು ರುಚಿ ಇಲ್ಲ, ಸ್ವಲ್ಪ ಹುಳಿ ಎಂದು ಅತ್ತೆ ಹೇಳುತ್ತಿದ್ದರು. ಇವರಿಗೆ ರುಚಿ ಮುಖ್ಯವಾಗಿರಲಿಲ್ಲ ಅನಿಸುತ್ತದೆ. ಗಿಡ ಹಚ್ಚಿದವರಿಗೆ ಅದು ತಮ್ಮ ಹೊಲದ ಮೊದಲ ಬೆಳೆ ಇದ್ದ ಹಾಗೆ.

ಇನ್ನೊಂದು ಮಳೆಗಾಲದಲ್ಲೂ ಇವರು ಹಾಗೇ ಅಣಬೆ ತಂದರು. ಶಾಲೆ ಶುರುವಾಗಿ ಯೂನಿಫಾರ್ಮಿನ ರಾಶಿ ನನ್ನ ಮುಂದೆ ಬಿದ್ದಿತ್ತು. ಭಾನುವಾರ ಮಧ್ಯಾಹ್ನ ಇವರು ಜೋಳದ ರೊಟ್ಟಿ, ಅಣಬೆ ಸಾರು ಉಂಡರು. ಅತ್ತೆಯೂ ಉಂಡರು. ನಾನು ಪಲ್ಯ ಉಂಡು ಮಷಿನ್ನಿಗೆ ಕುಳಿತೆ. ಸಂಜೆಯೊಳಗೆ ಇವರು ಹಿತ್ತಲಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, "ಏನಿಲ್ಲ, ಬಿಸಲಾಗ ನಿಂತಿದ್ದೆ, ಪಿತ್ತ ಆಗೈತಿ," ಅಂದರು. ಮರುದಿನ ಕಣ್ಣು ಹಳದಿಯಾಗಿತ್ತು. ಮೂತ್ರ ಚಹಾದ ಡಿಕಾಕ್ಷನ್ನಿನ ಹಾಗೆ ಹೋಗುತ್ತಿದೆ ಎಂದು ನಾಚಿಕೊಳ್ಳುತ್ತ ಹೇಳಿದರು. ಕಾಮಣಿ ಇರಬೇಕೆಂದು ಪಕ್ಕದ ಮನೆಯವರು ನಾಟಿ ಔಷಧಿಯ ಹೆಸರು ಹೇಳಿದರು. ನಾನು ಕೇಳಲಿಲ್ಲ, ಹೊಸಪೇಟೆಗೆ ಕರೆದುಕೊಂಡು ಹೋದೆ. ಹೊಸಪೇಟೆಯವರು ರಕ್ತ ನೋಡಿ ಬಳ್ಳಾರಿಗೆ ಕಳಿಸಿದರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಚಿಕ್ಕ ವಯಸ್ಸು. ನನ್ನನ್ನು ಕೂರಿಸಿಕೊಂಡು ಮೆಲ್ಲಗೆ ಮಾತನಾಡಿದರು.

"ರಕ್ತದಾಗಿನ ಕೆಂಪು ಕಣ ಒಡೀತಾ ಅದಾವ್ರಿ. ಕಿಡ್ನಿ ಮ್ಯಾಲ ಭಾರ ಬಿದ್ದೈತಿ. ಹಾವು ಗೀವು ಕಚ್ಚಿಲ್ಲ ಹೌದಲ್ರಿ? ಏನರ ಹೊಸಾದು ತಿಂದಿದ್ರೇನು?"

"ಹೊಸಾದೇನಿಲ್ರಿ. ಅಣಬಿ ತಿಂದಿದ್ರು. ಅದು ಪ್ರತಿ ವರ್ಷ ತಿಂತಾರ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಬಂದರು. "ನಾನೂ ಅದ ಗಡಿಗ್ಯಾಗಿಂದ ಉಂಡೀನ್ರಿ ಡಾಕ್ಟರವ್ವಾ. ನನಗೇನಾಗೈತಿ? ಅದಲ್ಲ. ಬ್ಯಾರೆ ಏನರ ನೋಡ್ರಿ."

ಡಾಕ್ಟರಮ್ಮ ಅತ್ತೆಯ ರಕ್ತವನ್ನೂ ತೆಗೆಸಿ ನೋಡಿದರು. ಏನೂ ಇರಲಿಲ್ಲ. ಇವರಿಗೆ ಡಯಾಲಿಸಿಸ್ ಮಾಡಿದರು, ರಕ್ತ ಕೊಟ್ಟರು. ಕೊಟ್ಟ ರಕ್ತವೂ ಒಡೆಯುತ್ತಿತ್ತಂತೆ. ಇವರು ನನ್ನೊಂದಿಗೆ ಆಡಿದ ಕಡೆಯ ಮಾತು ಟ್ಯಾಂಕಿನ ವಾಲ್ವಿನ ಬಗ್ಗೆ. ಅದು ಸೋರುತ್ತಿದೆ, ಯಾರಿಗಾದರೂ ಹೇಳಿ ಬಿಗಿ ಮಾಡಿಸು, ಅಂದರು. ಹೂಂ ಅಂದೆ. ಆಮೇಲೆ ಅವರಿಗೆ ಎಚ್ಚರವಿರಲಿಲ್ಲ. ಆಮೇಲೆ ಅವರೇ ಇರಲಿಲ್ಲ.

ಅವರು ಹೋದರೆಂದು ಬಂದು ಹೇಳಿದ ನರ್ಸಿನ ತೋಳಿನ ಅಂಚು ಬಿಚ್ಚಿಕೊಂಡಿತ್ತು. ಒಳಮಡಿಕೆಗೆ ಬಟ್ಟೆ ಸಾಲದೆ ಎಳೆದು ಹೊಲಿದಿದ್ದರು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದುದು ಅಷ್ಟೇ. ಅತ್ತೆ ನೆಲದ ಮೇಲೆ ಬಿದ್ದು ಅಳುತ್ತಿದ್ದರು. ನಾನು ಅವರ ಸೆರಗು ಸರಿ ಮಾಡಿದೆ. ಸಂಡೂರಿಗೆ ತಂದು ಮಣ್ಣು ಮಾಡಿದರು. ಬಂದವರೆಲ್ಲ ನನ್ನ ಮುಖ ನೋಡಿದರು. "ಆಕಿ ಅಳಾಕ ಒಲ್ಲಳು, ಅಳಸ್ರಿ, ಇಲ್ಲಾಂದ್ರ ಎದಿ ಒಡಕೊಂಡಾಳು," ಎಂದು ಯಾರೋ ಅಂದರು. ಕಂಪ್ಲಿಯಿಂದ ಬಂದ ನಮ್ಮವ್ವ ನನ್ನ ಬೆನ್ನು ತಟ್ಟಿ ತಟ್ಟಿ ತಾನೇ ಅತ್ತಳು. ಆ ವಾರ ಮುಗಿಯುವುದರೊಳಗೆ ನಾನು ಯೂನಿಫಾರ್ಮು ಹೊಲಿಯಲು ಕುಳಿತೆ. ಯೂನಿಫಾರ್ಮು ಸಿಗದ ಮಕ್ಕಳು ಬಣ್ಣದ ಅಂಗಿಯಲ್ಲಿ ಶಾಲೆಗೆ ಹೋಗುತ್ತಿದ್ದರು, ಬೈಸಿಕೊಳ್ಳುತ್ತಿದ್ದರು. ಕಾಲು ಪೆಡಲ್ ತುಳಿಯುತ್ತಿತ್ತು, ಕೈ ಬಟ್ಟೆ ಸರಿಸುತ್ತಿತ್ತು. ಉಪ್ಪು ಕಡಿಮೆಯಾದದ್ದು, ಖಾರ ಹೆಚ್ಚಾದದ್ದು ನಾಲಿಗೆಗೆ ಗೊತ್ತಾಗುತ್ತಿರಲಿಲ್ಲ. ದುಃಖ ಎಂದರೆ ಹೀಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದು ದುಃಖವೇ ಹೌದೋ ಅಲ್ಲವೋ ಎಂದೂ ಗೊತ್ತಿರಲಿಲ್ಲ.

ಅತ್ತೆ ಅಣಬೆಯ ಮಾತು ಎತ್ತಲಿಲ್ಲ. ಯಾರಾದರೂ ಕೇಳಿದರೆ, "ಗಣಿ ಧೂಳು ರಕ್ತ ಕೆಡಿಸ್ತು," ಅನ್ನುತ್ತಿದ್ದರು. ನನಗೆ ಬಡಿಸುವ ಮೊದಲು ತಾವೊಂದು ತುತ್ತು ತಿಂದು, ಸ್ವಲ್ಪ ಹೊತ್ತು ಕಾದು, ಆಮೇಲೆ ನನ್ನ ತಾಟಿಗೆ ಹಾಕುತ್ತಿದ್ದರು. ಬೇಳೆ ಸಾರಾದರೂ ಅಷ್ಟೆ. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ಮರುವರ್ಷ ಮಳೆ ಹಿಡಿದ ಮೇಲೆ ನನಗೊಂದು ಫೋನ್ ಬಂತು. ಹೊಸಪೇಟೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಮೇಡಂ. ಅಣಬೆಗಳ ಮೇಲೆ ಕೆಲಸ ಮಾಡುವವರು. ಬಳ್ಳಾರಿಯ ಡಾಕ್ಟರಮ್ಮ ಅವರಿಗೆ ಇವರ ಸಂಗತಿ ಹೇಳಿದ್ದರಂತೆ.

"ಅಕ್ಕಾರ, ನಿಮಗ ತ್ರಾಸ ಕೊಡಾಕತ್ತೀನಿ, ಕ್ಷಮಾ ಮಾಡ್ರಿ. ಆ ಅಣಬಿ ಎಲ್ಲಿ ಎದ್ದಿತ್ತು ಅಂತ ನೀವು ತೋರಿಸಿದ್ರ, ಅದು ಯಾವುದು ಅಂತ ನಾನು ನೋಡತೀನಿ. ಬ್ಯಾರೆಯವರೂ ತಿನ್ನತಿರಬೇಕಲ್ಲ."

ಆಗಲಿ ಎಂದೆ. ಬೇಡ ಎನ್ನಲೂ ಕಾರಣ ಹೊಳೆಯಲಿಲ್ಲ. ಇವರು ನನ್ನನ್ನು ಹಿಂದೆ ಕೆಲವು ಸಲ ಆ ಸಾಲು ತೋರಿಸಲು ಕರೆದುಕೊಂಡು ಹೋಗಿದ್ದರಿಂದ ದಾರಿ ಗೊತ್ತಿತ್ತು. ಗಣಿಯವರು ಒಪ್ಪಿಗೆ ಕೊಟ್ಟು ಜೀಪು ಕಳಿಸಿದರು. ಬೆಳಗ್ಗೆ ಹೊರಟೆವು. ಮೇಡಂ ಪ್ಯಾಂಟು, ಮಂಡಿಯವರೆಗಿನ ಕುರ್ತಾ, ಕೈಯಲ್ಲಿ ಬಿದಿರಿನ ಬುಟ್ಟಿ. ಪ್ಲಾಸ್ಟಿಕ್ ಚೀಲದಲ್ಲಿ ಅಣಬೆ ಬೆವರಿ ಕೊಳೆಯುತ್ತದೆ ಎಂದರು. ಜೀಪು ಬಿಟ್ಟು ಹತ್ತುವಾಗ ಕೆಂಪು ಕೆಸರು ಚಪ್ಪಲಿಗೆ ಅಂಟಿ ಕಾಲು ಭಾರವಾಯಿತು.

ಸೂಜಿ ಗಿಡಗಳು ಎತ್ತರವಾಗಿದ್ದವು. ಕೆಳಗೆ ಉದುರಿದ ಎಲೆಯ ಹಾಸಿಗೆ, ಅದರ ಮೇಲೆ ಟ್ಯಾಂಕಿನಿಂದ ಬಂದ ತೇವ. ವಾಲ್ವು ಇನ್ನೂ ಸೋರುತ್ತಿತ್ತು. ಅಣಬೆಗಳು ಅಲ್ಲೇ ಇದ್ದವು. ಕೆಲವು ಗಿಡದ ಬುಡಕ್ಕೆ ಹತ್ತಿ, ಕೆಲವು ಸ್ವಲ್ಪ ದೂರ ಬೇರು ಹೋದ ಕಡೆ. ಮೇಡಂ ಕೂಡಲೇ ಕೀಳಲಿಲ್ಲ. ಮೊದಲು ಸುತ್ತ ನಡೆದು ಯಾವ ಗಿಡದ ಹತ್ತಿರ ಇವೆ, ಯಾವುದರ ಹತ್ತಿರ ಇಲ್ಲ ಎಂದು ನೋಡಿದರು. ಪಕ್ಕದ ಅಕೇಶಿಯದ ಕೆಳಗೆ ಒಂದೂ ಇರಲಿಲ್ಲ. ಈ ಸಸಿ ಎಲ್ಲಿಂದ ಬಂದವು, ಚೀಲದ ಮಣ್ಣು ತೆಗೆದು ಹಚ್ಚಿದರೋ, ಮಣ್ಣಿನ ಸಮೇತ ಹಚ್ಚಿದರೋ ಎಂದು ಕೇಳಿದರು. ಇವರು ಹೇಳಿದ್ದನ್ನೆಲ್ಲ ನಾನು ಹೇಳಿದೆ. ಬೇರಿಗೆ ಪೆಟ್ಟಾಗಬಾರದೆಂದು ಮಣ್ಣಿನ ಸಮೇತವೇ ಇಳಿಸಿದ್ದರು.

ಆಮೇಲೆ ಅವರು ಮಂಡಿಯೂರಿ ಕುಳಿತು ಚಾಕುವಿನಿಂದ ಬುಡದ ಸಮೇತ ಒಂದನ್ನು ಎಬ್ಬಿಸಿದರು. ನನ್ನ ಕೈಯಲ್ಲಿಟ್ಟರು. ಅಷ್ಟು ವರ್ಷ ನನ್ನ ಅಡುಗೆಮನೆಗೆ ಬಂದು ಹೋದದ್ದನ್ನು ನಾನು ಮುಟ್ಟಿದ್ದು ಅದೇ ಮೊದಲು. ತಣ್ಣಗಿತ್ತು. ಹಳದಿ ಬೆರೆತ ಕಂದು, ನಡುವೆ ಸ್ವಲ್ಪ ತಗ್ಗು. ಎಳೆಯದಾದ್ದರಿಂದ ಅಂಚು ಒಳಕ್ಕೆ ಸುತ್ತಿಕೊಂಡಿತ್ತು, ಮೃದುವಾದ ಬಟ್ಟೆಯ ಕೊನೆಯನ್ನು ಬೆರಳಲ್ಲಿ ಉರುಳಿಸಿ ಮಡಚಿದ ಹಾಗೆ. ಆ ಮಡಿಕೆಯ ಮೇಲೆ ನವಿರು ರೋಮ.

"ಅಂಚು ನೋಡ್ರಿ," ಅಂದರು ಮೇಡಂ. "ಬಲತರೂ ಪೂರ್ತಿ ಬಿಚ್ಚಂಗಿಲ್ಲ. ಈಗ ಕೆಳಗ ತಿರುಗಸ್ರಿ. ಈ ಪದರು ಕಾಂಡದ ಮ್ಯಾಲ ಇಳದಾವಲ್ಲ? ಬೆರಳಲೇ ಒತ್ತರಿ."

ಒತ್ತಿದೆ. ನನ್ನ ಬೆರಳಿನ ಗುರುತು ಬಿದ್ದ ಕಡೆ, ನೋಡುನೋಡುತ್ತಲೇ, ತುಕ್ಕಿನ ಕಲೆ ಎದ್ದಿತು. ಮೇಡಂ ಉಗುರಿನಿಂದ ಮೆಲ್ಲಗೆ ತಳ್ಳಿದರು. ಆ ಪದರುಗಳೆಲ್ಲ ಮೇಲಿನ ಟೊಪ್ಪಿಗೆಯಿಂದ ಒಟ್ಟಿಗೆ ಕಳಚಿ ಬಂದವು, ಕುಪ್ಪಸದ ಲೈನಿಂಗ್ ಬಿಚ್ಚಿದ ಹಾಗೆ. ಒಂದನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ ಬುಟ್ಟಿಯೊಳಗಿಟ್ಟರು. ಅದರಿಂದ ಉದುರುವ ಪುಡಿಯ ಬಣ್ಣ ನೋಡಬೇಕಂತೆ.

"ಪ್ಯಾಕ್ಸಿಲಸ್ ಅಂತಾರ ಇದಕ್ಕ. ನಮ್ಮ ಭಾಷಾದಾಗ ಹೆಸರಿಲ್ಲ. ನಮ್ಮ ಸೀಮಿಯದಲ್ಲ ಇದು. ಹೊರಗಿನ ದೇಶದ ತಂಪು ಕಾಡಿನಾಗ, ನಮ್ಮ ಹಿಮಾಲಯದ ಕಡೆ ಇರತೈತಿ. ಆ ಚೀಲದ ಮಣ್ಣಿನ ಜೊತಿ ಬಂದಿರಬೇಕು. ಇನ್ನೂ ದೊಡ್ಡವರಿಗೆ ಕಳಿಸಿ ಕೇಳತೀನಿ. ನಾ ಈಗಲೇ ಗಟ್ಟಿಯಾಗಿ ಹೇಳಂಗಿಲ್ಲ."

ಬೆಳ್ಳಿ ಕಡಗದ ಮಾತು ಹೇಳಿದೆ. ಬೆಳ್ಳಿಗೆ ಇದು ಗೊತ್ತಾಗುವುದಿಲ್ಲ, ಯಾವ ಅಣಬೆಯ ವಿಷವೂ ಗೊತ್ತಾಗುವುದಿಲ್ಲ, ಎಂದರು. ಹಾಗಾದರೆ ಅತ್ತೆಗೆ ಯಾಕೆ ಏನೂ ಆಗಲಿಲ್ಲ, ಇವರಿಗೆ ಅಷ್ಟು ವರ್ಷ ಯಾಕೆ ಆಗಲಿಲ್ಲ ಎಂದು ಕೇಳಿದೆ. ಮೇಡಂ ಚಾಕು ಒರೆಸಿ ಬುಟ್ಟಿಯಲ್ಲಿಟ್ಟರು.

"ಇದು ಬ್ಯಾರೆ ವಿಷದಂಗ ಅಲ್ರಿ. ಪ್ರತಿ ಸಲ ತಿಂದಾಗ ಮೈ ಇದನ್ನ ಗುರ್ತ ಹಿಡಕೋತ ಹೋಗತೈತಿ. ಒಂದು ದಿನ ಇದು ವೈರಿ ಅಂತ ತಿಳಕೊಂಡು ತನ್ನ ರಕ್ತದ ಮ್ಯಾಲ ತಾನ ಬೀಳತೈತಿ. ಅದು ಯಾರಿಗೆ ಯಾವಾಗ ಅಂತ ಹೇಳಾಕ ಬರಂಗಿಲ್ಲ. ಕೆಲವರಿಗೆ ಎಂದೂ ಆಗಂಗಿಲ್ಲ."

ಆಮೇಲೆ ಎಲೆಯ ಹಾಸು ಸರಿಸಿ ಎಳೆ ಬೇರೊಂದನ್ನು ತೋರಿಸಿದರು. ಬೇರಿನ ತುದಿಗೆಲ್ಲ ದಾರದಂಥದ್ದು ಸುತ್ತಿಕೊಂಡಿತ್ತು. ಅಣಬೆಯ ಮೈ ಅಂದರೆ ಅದೇ, ನಾವು ಕೀಳುವುದು ಅದರ ಹೂವಿದ್ದ ಹಾಗೆ. ಇಂಥ ಕೆಟ್ಟ ಮಣ್ಣಿನಲ್ಲಿ ಗಿಡಕ್ಕೆ ನೀರು ಸಾರ ತಂದುಕೊಡುವುದು ಈ ದಾರ. ಇದಿಲ್ಲದಿದ್ದರೆ ಈ ಸಾಲು ಬದುಕುವುದೇ ಕಷ್ಟವಿತ್ತು ಎಂದರು. ನಾನು ಆ ಬೇರನ್ನು ನೋಡಿದೆ. ಮಣ್ಣಿಗೆ ಜೀವ ಬಂತು ಎಂದು ಇವರು ಅಂದದ್ದು ಸುಳ್ಳಾಗಿರಲಿಲ್ಲ. ಇದು ತಿಳಿದಾಗ ಏನಾದರೂ ಅನಿಸಬೇಕಿತ್ತು. ಕಾಲಲ್ಲಿ ಕೆಸರು ಒಣಗಿ ಬಿಗಿಯುತ್ತಿದೆ, ತೊಳೆದುಕೊಳ್ಳಬೇಕು ಎಂದಷ್ಟೇ ಅನಿಸಿತು. ಟ್ಯಾಂಕಿನ ನೀರಲ್ಲಿ ತೊಳೆದುಕೊಂಡೆ.

ತಿಂಗಳುಗಳಾದ ಮೇಲೆ ಮೇಡಂ ಮತ್ತೆ ಫೋನ್ ಮಾಡಿದರು. ಪುಡಿ ಕಂದು ಬಣ್ಣದ್ದು ಬಿದ್ದಿತ್ತು. ಬೇರೆ ಊರಿನ ತಜ್ಞರೂ ನೋಡಿ, ಆ ಗುಂಪಿನದೇ ಹೌದು, ಅದರೊಳಗಿನ ಯಾವ ಕವಲು ಎಂಬುದು ಮಾತ್ರ ಇನ್ನೂ ಖಚಿತವಿಲ್ಲ ಎಂದಿದ್ದರು. ತಿನ್ನಬಾರದು ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಅತ್ತೆಗೆ ಹೇಳಬೇಕೋ ಬೇಡವೋ ಎಂದು ಕೆಲವು ದಿನ ಸುಮ್ಮನಿದ್ದೆ. ಒಂದು ಮಧ್ಯಾಹ್ನ ಅವರು ಎಂದಿನಂತೆ ನನ್ನ ತಾಟಿಗೆ ಹಾಕುವ ಮೊದಲು ತಾವು ತಿಂದು ಕಾಯುತ್ತ ಕುಳಿತಿದ್ದರು. ಅದನ್ನು ನೋಡಿ ಹೇಳಿಬಿಟ್ಟೆ.

"ಅತ್ತೀ, ಆ ಅಣಬೀನ ಅಂತ. ಮೇಡಂ ಫೋನ್ ಮಾಡಿದ್ರು. ನಿಮ್ಮ ಕೈ ಅಡಗೀದು ತಪ್ಪಲ್ಲ. ಕುದಿಸಿದ್ರೂ ಅದರ ಗುಣ ಹೋಗಂಗಿಲ್ಲಂತ. ಅವರ ಮೈಗೆ ಒಗ್ಗಲಿಲ್ಲ."

ಮೇಡಂ ಹೇಳಿದ್ದನ್ನು ನನಗೆ ತಿಳಿದಷ್ಟು ವಿವರಿಸಿದೆ. ಅತ್ತೆ ಕೇಳುತ್ತ ರೊಟ್ಟಿಯ ಚೂರನ್ನು ಬೆರಳಲ್ಲಿ ಪುಡಿ ಮಾಡುತ್ತಿದ್ದರು. ಅತ್ತಾರು ಎಂದುಕೊಂಡೆ. ಅಳಲಿಲ್ಲ.

"ಅಂದ್ರ ಮುಂದಿನ ಸಲಕ್ಕ ನಂದಿತ್ತೇನು ಪಾಳಿ?"

"ಇರಬಹುದಿತ್ತು. ಇಲ್ಲದಿರಬಹುದಿತ್ತು. ಗೊತ್ತಾಗಂಗಿಲ್ಲಂತ."

"ನನ್ನ ಪಾಳೀನ ಮೊದಲ ಬಂದಿದ್ರ ಅವ ತಿನ್ನೂದು ಬಿಡತಿದ್ದ." ಇಷ್ಟು ಹೇಳಿ ಎದ್ದು ಕೈ ತೊಳೆದುಕೊಂಡರು. ಅಂದಿನಿಂದ ಮೊದಲು ತಾವು ತಿಂದು ಕಾಯುವುದು ನಿಂತಿತು. ಬಿಸಿಯಿರುವಾಗಲೇ ಬಡಿಸತೊಡಗಿದರು.

ಗಣಿಯ ಮ್ಯಾನೇಜರು ನಮ್ಮನ್ನು ಕರೆಸಿದರು. ಒಳ್ಳೆಯ ಮನುಷ್ಯರೇ. ಆ ಸಾಲನ್ನು ಕಡಿಸಿ ಹಾಕುತ್ತೇವೆ, ನಿಮ್ಮ ಮನಸ್ಸಿಗೂ ಸಮಾಧಾನವಾಗುತ್ತದೆ ಎಂದರು. ನಾನು ಏನು ಹೇಳುವುದೆಂದು ಯೋಚಿಸುತ್ತಿದ್ದೆ. ಅತ್ತೆ ಕುರ್ಚಿಯ ತುದಿಯಲ್ಲಿ ಕುಳಿತವರು ತಟ್ಟನೆ, "ಬ್ಯಾಡ್ರಿ ಸಾಹೇಬ್ರ. ಅವ ಕೂಸು ಸಾಕಿದಂಗ ಸಾಕ್ಯಾನ. ಗಿಡ ಏನ್ ಮಾಡ್ಯಾವ? ತಿನಬ್ಯಾಡ್ರಿ ಅಂತ ಬೋರ್ಡ್ ಹಾಕಸ್ರಿ," ಅಂದರು.

ಬೋರ್ಡು ಹಾಕಿಸಿದರು, ತಂತಿ ಬೇಲಿಯನ್ನೂ ಹಾಕಿಸಿದರು. ಕಾವಲಿಲ್ಲದ ಬೇಲಿ ಎಷ್ಟು ದಿನ ನಿಂತೀತು? ಮಳೆ ಬಂದ ಮೇಲೆ ಕೂಲಿಗೆ ಹೋಗುವ ಹೆಂಗಸರು ಬುತ್ತಿಯ ಡಬ್ಬಿಯಲ್ಲಿ ಅಣಬೆ ತುಂಬಿಕೊಂಡು ಇಳಿಯುವುದು ನಡೆದೇ ಇತ್ತು. ಹಾಗೆಂದು ಯಾರೋ ಹೇಳಿದ ಮರುದಿನ ಅತ್ತೆ ಮಧ್ಯಾಹ್ನದ ಮೇಲೆ ತಲೆ ಬಾಚಿಕೊಂಡು ಸಿದ್ಧರಾದರು. ಎಲ್ಲಿಗೆ ಎಂದರೆ, ಗೇಟಿಗೆ, ಎಂದರು. ಒಬ್ಬರನ್ನೇ ಕಳಿಸಲಾಗದೆ ನಾನೂ ಹೋದೆ.

ಪಾಳಿ ಮುಗಿಸಿ ಹೆಂಗಸರು ಇಳಿಯುವ ಹೊತ್ತಿಗೆ ಅತ್ತೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಒಬ್ಬೊಬ್ಬರ ಡಬ್ಬಿ ತೆಗೆಸಿ ನೋಡಿದರು. ನಾಚಿಕೆಯಾಗಿ ನಾನು ದೂರ ನಿಂತಿದ್ದೆ. ಹುತ್ತದ ಬಿಳಿ ಅಣಬೆ ತಂದವರನ್ನು ಬಿಟ್ಟರು. ಒಬ್ಬಾಕೆಯ ಡಬ್ಬಿಯಲ್ಲಿ ಕಂದು ಅಣಬೆಗಳಿದ್ದವು. ಗಟ್ಟಿ ದನಿಯ ಹೆಂಗಸು.

"ಏ ಆಯೀ, ನಾವು ಭಾಳ ವರ್ಷದಿಂದ ತಿಂತೀವಿ. ನಮಗ್ಯಾಕ ಏನೂ ಆಗಿಲ್ಲ?"

"ನನ್ನ ಮಗನೂ ಹಂಗ ಅಂತಿದ್ದ," ಅಂದರು ಅತ್ತೆ. ಒಂದನ್ನು ಎತ್ತಿ ಒಳಕ್ಕೆ ಸುತ್ತಿದ ಅಂಚನ್ನು ತೋರಿಸಿದರು. ಕೆಳಗಿನ ಪದರನ್ನು ಹೆಬ್ಬೆರಳಿನಿಂದ ಒತ್ತಿ, ಕಲೆ ಏಳುವವರೆಗೆ ಆಕೆಯ ಮುಖದ ಮುಂದೆ ಹಿಡಿದರು. ನಾನು ಮನೆಗೆ ಬಂದು ಹೇಳಿದ್ದನ್ನು ಅವರು ಒಂದೂ ಮರೆತಿರಲಿಲ್ಲ. "ಮನ್ಯಾಗ ಎಷ್ಟು ಮಂದಿ ಉಣ್ಣಾಕಿದೀರಿ?"

ಆಕೆ ಡಬ್ಬಿಯನ್ನು ಚರಂಡಿಗೆ ಬಗ್ಗಿಸಿ, ಬೈದುಕೊಳ್ಳುತ್ತ ಹೋದಳು. ಯಾರನ್ನು ಬೈದಳೋ ತಿಳಿಯಲಿಲ್ಲ.

ಅಂದು ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯಿಂದ ಮಳೆಯ ಎರಚಲು ಬರುತ್ತಿತ್ತು, ಗಾಜು ಸರಿಯಾಗಿ ಮುಚ್ಚುತ್ತಿರಲಿಲ್ಲ. ಅತ್ತೆಗೆ ಚಳಿಯಾದೀತೆಂದು ನಾನು ಕಿಟಕಿಯ ಕಡೆ ಕುಳಿತೆ. ಕಂಡಕ್ಟರು ಬಂದು ಎಲ್ಲಿಗೆ ಎಂದ. ಹೇಳಲು ಬಾಯಿ ತೆಗೆದೆ, ದನಿ ಬರಲಿಲ್ಲ. ಅತ್ತೆಯೇ ಸಂಡೂರು ಎಂದು ಹೇಳಿ ಟಿಕೆಟ್ ತೆಗೆದುಕೊಂಡರು. ನನ್ನ ಕಡೆ ತಿರುಗಿ ನೋಡಿದರು. ಊರು ಬರುವವರೆಗೆ ನಾನು ಹೊರಗೆ ನೋಡುತ್ತ ಕುಳಿತೆ. ಇಳಿದ ಮೇಲೆ ಅವರು, "ಮನ್ಯಾಗ ಬೆಲ್ಲ ತೀರೈತಿ," ಅಂದರು. ಅಂಗಡಿಗೆ ಹೋದೆವು.

ಈಗ ಪ್ರತಿ ಮಳೆಗಾಲ ನಾವಿಬ್ಬರೂ ಆ ಗೇಟಿಗೆ ಹೋಗುತ್ತೇವೆ. ದಿನಾ ಅಲ್ಲ, ಮಳೆ ಬಿಟ್ಟು ಬಿಸಿಲು ಬಿದ್ದ ದಿನ. ಕೆಲವರು ನಮ್ಮನ್ನು ನೋಡಿ ಬೇರೆ ದಾರಿಯಿಂದ ಇಳಿಯುತ್ತಾರೆ. ಕೆಲವರು ತಾವಾಗಿಯೇ ಡಬ್ಬಿ ತೆಗೆದು, "ನೋಡ್ರಿ ಆಯೀ, ಇದು ನಡೀತೈತೇನು?" ಎಂದು ಕೇಳುತ್ತಾರೆ. ಗೊತ್ತಿಲ್ಲದ್ದಿದ್ದರೆ ಅತ್ತೆ ಗೊತ್ತಿಲ್ಲ ಎನ್ನುತ್ತಾರೆ, ಗೊತ್ತಿಲ್ಲದ್ದು ತಿನ್ನಬೇಡಿ ಎನ್ನುತ್ತಾರೆ. ಹುತ್ತದ ಅಣಬೆಯನ್ನೂ ಅವರು ಆಮೇಲೆ ತಿಂದಿಲ್ಲ. ನಾನು ಚೀಲದಲ್ಲಿ ಕಾಜಾ ಹಾಕಿ ಮುಗಿಸಿದ ಕುಪ್ಪಸಗಳನ್ನು ಒಯ್ದು, ಅಲ್ಲೇ ಕಲ್ಲಿನ ಮೇಲೆ ಕುಳಿತು ಗುಂಡಿ ಹಚ್ಚುತ್ತಿರುತ್ತೇನೆ.